ಐವರ ಹೆಬ್ಬೆಟ್ಟು

"ಕಿಡ್ನಿ ಮಾರಾಕೆ ಬಂದೀನಿ ಅಂತ ನೆಟ್ಟಗೆ ಹೇಳು. ಅಣ್ಣ ಗಿಣ್ಣ ಅಂತ ಯಾಕೆ ಬೊಗಳ್ತೀಯ?"

ಅಂಗಕಸಿಗೆ ಅನುಮತಿ ಕೊಡುವ ಕಚೇರಿಯ ಗುಮಾಸ್ತ ಮಹಾಂತೇಶ್ ಕಾಗದಗಳನ್ನು ಮೇಜಿನಿಂದಾಚೆ ನೂಕಿದ. ಗಂಗಲಕ್ಷ್ಮಿ ಬಗ್ಗಿ ಹೆಕ್ಕಿಕೊಂಡಳು. ಅವಳ ರೇಷನ್ ಕಾರ್ಡಿನಲ್ಲಿ ಅಪ್ಪ ಪಾತಣ್ಣ. ಅಣ್ಣ ಬಾಲರಾಜನ ಶಾಲೆಯ ದಾಖಲೆಯಲ್ಲಿ ಅಪ್ಪ ಕಾಮಣ್ಣ. ಅಂದು ಅವನನ್ನು ಶಾಲೆಗೆ ಸೇರಿಸಲು ಹೋದವನು ಸೋದರಮಾವ. ಮೇಷ್ಟ್ರು ಅಪ್ಪನ ಹೆಸರು ಕೇಳಿದಾಗ ತನ್ನದೇ ಹೇಳಿ ಬಂದಿದ್ದ. ಈಗ ಅಪ್ಪನೂ ಇಲ್ಲ, ಮಾವನೂ ಇಲ್ಲ.

"ಒಂದೇ ಅವ್ವನ ಹೊಟ್ಟೇಲಿ ಹುಟ್ಟಿದೋರು ಸ್ವಾಮಿ."

"ಅಪ್ಪಂದಿರು ಮಾತ್ರ ಇಬ್ರಾ?"

ಪಕ್ಕದ ಮೇಜಿನವರು ನಕ್ಕರು. ಅಣ್ಣ ತಂಗಿ ಹೌದೆಂದು ಹಟ್ಟಿಯ ಐವರು ಹಿರಿಯರ ಹೆಬ್ಬೆಟ್ಟು ಹಾಕಿಸಿಕೊಂಡು ಬಂದರೆ ನೋಡೋಣ ಎಂದು ಮಹಾಂತೇಶ್ ಅಟ್ಟಿದ.

ಬಾಲರಾಜನ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ನಿಮ್ಮ ಜನರಲ್ಲೇ ಹೊಂದುವವರು ಸಿಕ್ಕಾರು, ಯಾರಾದರೂ ಒಂದು ಕೊಡಲಿ ಎಂದಿದ್ದರು ಬೆಂಗಳೂರಿನ ಡಾಕ್ಟರು. ಐವತ್ತು ಮನೆಯ ಗೊಲ್ಲರ ಹಟ್ಟಿಯಲ್ಲಿ ರಕ್ತ ಪರೀಕ್ಷೆಗೂ ಯಾರೂ ತೋಳು ಚಾಚಲಿಲ್ಲ. ಊನವಾದ ಕುರಿಯನ್ನು ದೇವರಿಗೆ ಬಿಡುವಂತಿಲ್ಲ. ಊನವಾದ ಮೈ ಹಟ್ಟಿಯ ಮುಳ್ಳುಬೇಲಿಯೊಳಗೆ ಬರುವಂತಿಲ್ಲ. ತಂಗಿಯೊಬ್ಬಳೇ ಚಾಚಿದಳು. ಹೊಂದಿತು.

ಗಂಗಲಕ್ಷ್ಮಿ ತಳಕು ಊರಿನಲ್ಲಿ ಬಸ್ಸಿಳಿದು ಹಟ್ಟಿಗೆ ನಡೆದು ಬಂದಾಗ ಹಿರಿಯರು ಬೇಲಿಯ ಬಾಗಿಲಲ್ಲೇ ಕುಳಿತಿದ್ದರು. ಅವಳು ಮುಂದಿಟ್ಟ ಕಾಗದವನ್ನು ಪೂಜಾರಿ ಕೆಂಚಣ್ಣ ಮುಟ್ಟಲಿಲ್ಲ.

"ಒತ್ತಿದ್ರೆ, ನೀನು ಕುಯ್ಸ್ಕಂಡು ಬಂದಾಗ ಒಳಕ್ಕೆ ಬಿಡಬೇಕಾಗ್ತೈತಲ್ಲವ್ವ."

"ಬಿಡಬ್ಯಾಡ್ರಿ. ಮುಟ್ಟಾದಾಗ ಹೊರಗೆ, ಹೆತ್ತಾಗ ಹೊರಗೆ. ನನಗೇನು ಹೊಸದಾ?"

"ನೀನು ಹೊರಗಿರ್ತೀಯ. ನಿನ್ನ ಮೈಯ ತುಂಡು ನಿಮ್ಮಣ್ಣನ ಮೈಯಾಗೆ ಒಳಕ್ಕೆ ಬರ್ತೈತಲ್ಲ?"

ಉಳಿದ ನಾಲ್ವರೂ ಬೆರಳು ಮುಂದೆ ಮಾಡಲಿಲ್ಲ. ಅವಳು ತಂದಿದ್ದ ಮಸಿಯ ಡಬ್ಬಿ ಮುಚ್ಚಳ ತೆರೆದುಕೊಂಡು ಬಿಸಿಲಿಗೆ ಒಣಗುತ್ತಿತ್ತು.

ದೇವರಿಗೆ ಬಿಟ್ಟ ಟಗರು ಎಂದಿನಂತೆ ಬಂದು ಅವಳ ಸೆರಗು ಮೂಸಿತು. ಗಂಗಲಕ್ಷ್ಮಿ ಅದರ ಕೊಂಬು ಹಿಡಿದಳು. ಬೇಲಿಗೆ ಸಿಕ್ಕಿಸಿದ್ದ ಕುಡುಗೋಲು ಯಾವಾಗ ಕೈಗೆ ಬಂತೋ ಯಾರೂ ಕಾಣಲಿಲ್ಲ. ಟಗರಿನ ತುಂಡಾದ ಕಿವಿಯನ್ನು ಕಾಗದದ ಮೇಲಿಟ್ಟಳು.

"ಈ ಟಗರನ್ನೂ ಹೊರಗಾಕು, ಕೆಂಚಜ್ಜ."

ಟಗರು ತಲೆ ಕೊಡವಿತು. ಐದು ಹೆಬ್ಬೆಟ್ಟುಗಳಿಗೆ ಬಿಟ್ಟಿದ್ದ ಜಾಗಕ್ಕೆ ರಕ್ತ ಸಿಡಿಯಿತು. ಆಮೇಲೆ ಅದು ಕೊರಳ ಗಂಟೆ ಆಡಿಸುತ್ತಾ ಬೇಲಿಯ ಬಾಗಿಲು ದಾಟಿ ಒಳಗಿನ ತನ್ನ ಜಾಗಕ್ಕೆ ಹೋಗಿ ಮಲಗಿತು. ತಡೆಯಲು ಯಾರೂ ಏಳಲಿಲ್ಲ. ಕಾಗದವನ್ನೂ ಯಾರೂ ಎತ್ತಿಕೊಳ್ಳಲಿಲ್ಲ.

ಒಳಗಿನಿಂದ ಬಾಲರಾಜ ನೀರು ಕೇಳಿದ. ದಿನಕ್ಕೆ ಇಷ್ಟೇ ಎಂದು ಡಾಕ್ಟರು ಹೇಳಿದ್ದ ಎರಡು ಲೋಟ ನೀರು ಬೆಳಿಗ್ಗೆಯೇ ಮುಗಿದಿತ್ತು.