ಬ್ರೇಕಿಲ್ಲದ ಸೈಕಲ್ಲು

ಬಸ್ ಡಿಪೋದಲ್ಲಿ ನನ್ನ ಕೆಲಸ ಬ್ರೇಕ್ ನೋಡುವುದು. ನಾನು ತಲೆಯಾಡಿಸದೆ ಒಂದು ಬಸ್ಸೂ ಗೇಟು ದಾಟುವುದಿಲ್ಲ. ಅಲ್ಲಿಯವರು ನನಗೆ ಬ್ರೇಕಣ್ಣ ಎಂದು ಹೆಸರಿಟ್ಟಿದ್ದಾರೆ. ಅದು ನನ್ನ ಕಿವಿಗೆ ಬಿದ್ದಿಲ್ಲವೆಂದು ಅವರ ನಂಬಿಕೆ. ನನಗೆ ಒಳಗೊಳಗೇ ಖುಷಿ.

ಇಂಥವನ ಮಗಳು ಸೈಕಲ್ ರೇಸಿಗೆ ಇಳಿದಳು. ರಸ್ತೆ ರೇಸಿಗೆ ಸೈಕಲ್ ಆರಿಸುವಾಗ ಅಂಗಡಿಯವನು ತೂಕ, ಟೈರು, ಗೇರು ಎಂದು ದೊಡ್ಡ ಪುರಾಣ ತೆಗೆದ. ನಾನು ಚಕ್ರ ತಿರುಗಿಸಿ, ಬ್ರೇಕ್ ಹಿಡಿದು ನೋಡಿ, "ಪರವಾಗಿಲ್ಲ" ಎಂದೆ. ಬೆಟ್ಟದ ರೇಸಿನ ಸೈಕಲ್ಲಿಗೆ ದಪ್ಪ ಟೈರು, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು. ನೋಡಿ ನನಗೆ ಕಣ್ಣು ತುಂಬಿ ಬಂತು. ಮಗಳು ಹುಟ್ಟಿದಾಗಲೂ ಹೀಗೆ ಕಣ್ಣು ತುಂಬಿರಲಿಲ್ಲವೆಂದು ಹೆಂಡತಿ ಇವತ್ತಿಗೂ ಚುಚ್ಚುತ್ತಾಳೆ.

ಆಮೇಲೆ ಬಂತು ಟ್ರ್ಯಾಕ್ ರೇಸು. ಅದರ ಸೈಕಲ್ಲನ್ನು ಅವಳಿಗೆ ತರಬೇತಿ ಕೊಡುವ ಕೋಚಮ್ಮನೇ ಕ್ಲಬ್ಬಿನಿಂದ ಕೊಡಿಸಿದರು. ನಾನು ಅದನ್ನು ಹಿಂದೆ ಮುಂದೆ, ಮೇಲೆ ಕೆಳಗೆ ತಡಕಿದೆ.

"ಬ್ರೇಕ್ ಎಲ್ಲಮ್ಮಾ?" ಎಂದು ಮಗಳನ್ನು ಕೇಳಿದೆ.

"ಇರಲ್ಲಪ್ಪ. ಚಕ್ರ ತಿರುಗಿದಷ್ಟೂ ಪೆಡಲ್ ತಿರುಗ್ತಾನೇ ಇರುತ್ತೆ. ಕಾಲಲ್ಲೇ ತಡೆದು ನಿಧಾನ ಮಾಡೋದು."

"ಅಷ್ಟು ಜನ ಒಟ್ಟಿಗೆ ಹೋಗ್ತಾ ಇರ್ತಾರೆ, ಯಾರಿಗೂ ಬ್ರೇಕಿಲ್ವಾ?"

"ಒಬ್ಬಳು ಬ್ರೇಕ್ ಹಿಡಿದ್ರೆ ಹಿಂದಿನವರೆಲ್ಲ ಅವಳ ಮೇಲೇ ಬೀಳ್ತಾರೆ. ಅದಕ್ಕೇ ಯಾರಿಗೂ ಇಲ್ಲ."

ಕೋಚಮ್ಮನೂ ಅದನ್ನೇ ಹೇಳಿದರು. ಆದರೆ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ತಂಡದ ಆಯ್ಕೆಯ ದಿನ ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋದದ್ದೇ ತಡ, ಡಿಪೋದಲ್ಲಿ ಮಾಡಿಸಿಟ್ಟಿದ್ದ ಕಬ್ಬಿಣದ ಪಟ್ಟಿಯಿಂದ ಮುಂದಿನ ಚಕ್ರಕ್ಕೆ ಒಂದು ಬ್ರೇಕ್ ಬಿಗಿದೆ. ಅವಳು ಬಿಚ್ಚಿಬಿಟ್ಟಾಳೆಂದು ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದೆ. ಮೇಲೆ ಬಟ್ಟೆ ಹೊದಿಸಿ, ಏನೂ ಅರಿಯದ ಹಸುಳೆಯಂತೆ ಕ್ಲಬ್ಬಿನ ವ್ಯಾನಿನಲ್ಲಿ ಕೂತೆ.

ಟ್ರ್ಯಾಕಿನ ಬಾಗಿಲಲ್ಲಿ ಸೈಕಲ್ ತಪಾಸಣೆ ಮಾಡುವವರು ಬಟ್ಟೆ ಸರಿಸಿ ನಕ್ಕುಬಿಟ್ಟರು. "ಇದನ್ನ ತೆಗೀರಿ. ಇದ್ರೆ ಈಕೆನ ರೇಸಿಗೆ ಬಿಡಲ್ಲ."

ಮಗಳು ನಗಲಿಲ್ಲ. ಅವಳ ಗುಂಪನ್ನು ಆಗಲೇ ಕರೆಯುತ್ತಿದ್ದರು. ಇವತ್ತು ರೇಸಿಗೆ ಇಳಿಯದಿದ್ದರೆ ಈ ವರ್ಷ ತಂಡದಲ್ಲಿ ಅವಳಿಗೆ ಜಾಗವಿಲ್ಲ.

ನಾನು ಸ್ಪ್ಯಾನರ್ ಹಾಕಿದೆ. ನಟ್ಟು ಜಪ್ಪಯ್ಯ ಎಂದರೂ ಕದಲಲಿಲ್ಲ. ಮಾಡಿದ್ದುಣ್ಣೋ ಮಾರಾಯ! ನನ್ನ ಚೀಲದಲ್ಲಿ ಕಬ್ಬಿಣ ಕೊಯ್ಯುವ ಗರಗಸವಿತ್ತು, ಅದು ನನಗೆ ಮಾತ್ರ ಗೊತ್ತಿತ್ತು. "ಬರ್ತಿಲ್ಲ ಮಗಳೇ" ಎಂದುಬಿಟ್ಟರೆ ಮುಗಿಯಿತು. ಅಳುತ್ತಾಳೆ, ಆದರೆ ಕೈಕಾಲು ನೆಟ್ಟಗಿರುತ್ತವೆ. ಆ ಮಾತು ನಾಲಗೆಯ ತುದಿಗೆ ಬಂದಿತ್ತು.

"ಅಪ್ಪಾ," ಎಂದಳು, "ನಂಗೂ ಭಯ ಇದೆ. ಆದ್ರೂ ಓಡಿಸ್ಬೇಕು."

ಅವಳಿಗೆ ಭಯವೇ ಇಲ್ಲವೆಂದು ನಾನು ತಿಳಿದಿದ್ದೆ. ಇಬ್ಬರ ಪಾಲಿನ ಭಯವನ್ನೂ ನಾನೊಬ್ಬನೇ ಹೊತ್ತಿದ್ದೇನೆಂದು ದೊಡ್ಡಸ್ತಿಕೆ ಬೇರೆ. ಗರಗಸ ತೆಗೆದು ಬೋಲ್ಟು ಕತ್ತರಿಸಿದೆ. ಬದುಕಿನಲ್ಲಿ ಮೊದಲ ಸಲ ಬ್ರೇಕಿಲ್ಲದ ಗಾಡಿಯನ್ನು ಗೇಟು ದಾಟಿಸಿದೆ.

ಟ್ರ್ಯಾಕಿನ ತಿರುವು ಗೋಡೆಯಂತೆ ವಾಲಿತ್ತು. ಹುಡುಗಿಯರೆಲ್ಲ ಒಬ್ಬರಿಗೊಬ್ಬರು ಅಂಟಿಕೊಂಡೇ ಸುತ್ತಿದರು. ಕೊನೆಯ ಸುತ್ತಿನ ಗಂಟೆ ಬಾರಿಸಿತು, ಜನ ಎದ್ದು ಕೂಗಿದರು. ನನ್ನ ಕಣ್ಣು ಮಗಳ ಕಾಲಿನ ಮೇಲಿತ್ತು. ಗೆರೆ ದಾಟಿದ ಮೇಲೂ ಆ ಕಾಲು ತಿರುಗುತ್ತಲೇ ಇತ್ತು, ಆಮೇಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು. ಕೊನೆಗೆ ಅವಳು ಟ್ರ್ಯಾಕಿನ ಅಂಚಿನ ಕಂಬಿ ಹಿಡಿದು ನಿಂತಳು.

ಫೋನ್ ಬಂತು. ಹೆಂಡತಿ.

"ಏನಾಯ್ತು ರೀ?"

"ನಿಂತಳು ಕಣೇ!" ಎಂದೆ. "ತಾನೇ ನಿಲ್ಲಿಸಿದ್ಲು."

"ಅಯ್ಯೋ, ಅದಲ್ಲ. ಎಷ್ಟನೆಯವಳಾಗಿ ಬಂದ್ಲು?"

ಅದನ್ನು ನಾನು ನೋಡಿರಲಿಲ್ಲ.