ಇಳಿತದೊಳಗೆ ಉತ್ತರ

ಇದು ಅವಳಿಗೆ ನಿಜವಾಗಿ ಗೊತ್ತಿಲ್ಲವೋ? ಅಥವಾ ಗೊತ್ತಿದ್ದೂ, ನನಗೆ ಬೇಸರವಾಗದಿರಲಿ ಎಂದು ಕೇಳುತ್ತಿದ್ದಾಳೋ? ಕೃಷ್ಣಾನಂದನಿಗೆ ಎರಡನೆಯದೇ ಹೆಚ್ಚು ಕಷ್ಟವೆನಿಸಿತು. ಹೆಂಡತಿ ಕವಿತಾ ಎದುರಿಗೆ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ಅಣುಸ್ಥಾವರದಲ್ಲೇ ಕರೆಂಟ್ ಹೋದರೆ ಏನಾಗುತ್ತದೆ ಎಂದು ಅವಳು ಕೇಳಿದ್ದಳು.

"ಅದನ್ನೆಲ್ಲ ಯಾರೂ ಕೇಳೂದಿಲ್ಲ" ಎಂದ.

ಉತ್ತರ ಅವನಿಗೆ ಗೊತ್ತಿತ್ತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕುಮಟೆಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿರುವವನಿಗೆ ಗೊತ್ತಿಲ್ಲದ ವಿಷಯವಲ್ಲ ಅದು. ತದಡಿಯ ಹತ್ತಿರದ ಗುಡ್ಡದ ಮೇಲೆ ಒಂದು ಕಂಪನಿ ಡೇಟಾ ಸೆಂಟರ್ ಕಟ್ಟಲು ಹೊರಟಿತ್ತು. ಅದಕ್ಕೆ ಹಗಲಿರುಳು ಕರೆಂಟ್ ಕೊಡಲು ಪಕ್ಕದಲ್ಲೇ ಸಣ್ಣದೊಂದು ಅಣುಸ್ಥಾವರ. ಊರವರಿಗೆ ಇದನ್ನೆಲ್ಲ ತಿಳಿಸಿ ಹೇಳಲು ಸ್ಥಳೀಯರೊಬ್ಬರು ಬೇಕೆಂದು ಹೊನ್ನಾವರದಲ್ಲಿ ಸಂದರ್ಶನ ಕರೆದಿದ್ದರು. ಗಂಡ ಹೆಂಡತಿ ಒಂದೇ ಸ್ಕೂಟರಿನಲ್ಲಿ ಹೋಗಿದ್ದರು. ಬಿ.ಎ. ಓದಿದ ಕವಿತಾಳನ್ನು ಆರಿಸಿದರು. ಎರಡನೆಯ ಹೆಸರು ನಿಮ್ಮದೇ ಇದೆ ಸರ್, ಅವರು ಬಿಟ್ಟರೆ ನೀವೇ ಎಂದು ಆಫೀಸಿನವರು ಅವನಿಗೆ ಸಮಾಧಾನ ಹೇಳಿದ್ದರು. ಆ ಸಮಾಧಾನವನ್ನು ಅವನು ಯಾರಿಗೂ ಕಾಣದಂತೆ ಇಟ್ಟುಕೊಂಡಿದ್ದ. ಅಣು ಒಡೆಯುವುದು ಹೇಗೆ, ಸಾಲು ಸಾಲು ಕಂಪ್ಯೂಟರುಗಳು ಬಿಸಿಯಾಗುವುದೇಕೆ, ಅವನ್ನು ತಣಿಸುವುದು ಹೇಗೆ ಎಂದು ಅವಳಿಗೆ ಕಲಿಸಿದ್ದು ಅವನೇ. ಕಲಿಸಿದ್ದೆಲ್ಲ ಅವಳ ಬಾಯಲ್ಲಿ ಅವಳದೇ ಆಗಿಬಿಡುತ್ತಿತ್ತು.

ಎರಡು ದಿನದ ನಂತರ, ಸಂಜೆ, ಕವಿತಾ ಮಾತಾಡಬೇಕಿದ್ದ ಸಭೆ ನಡೆದದ್ದು ಅವಳ ತವರಿನಲ್ಲಿ, ಗಜನಿಯ ಕಟ್ಟಿನ ಮೇಲೆ. ಗಜನಿಯೆಂದರೆ ಅಘನಾಶಿನಿಯ ಉಪ್ಪುನೀರು ಹತ್ತಿ ಇಳಿಯುವ ಗದ್ದೆಬಯಲು. ನೀರನ್ನು ತಡೆಯಲು ಮಣ್ಣಿನ ಕಟ್ಟು, ಕಟ್ಟಿನ ನಡುವೆ ಹಲಗೆಯ ಬಾಗಿಲು. ಅವಳ ಅಪ್ಪ ಹಮ್ಮ ಆ ಬಾಗಿಲು ಕಾಯುವವನು. ಮಳೆಗಾಲಕ್ಕೆ ಮೊದಲು ಗದ್ದೆಯವರೆಲ್ಲ ಅಲ್ಲಿ ಸೇರುತ್ತಾರೆ. ಬಾಗಿಲು ಕಾಯುವವನನ್ನು ಯಾರು ಏನು ಬೇಕಾದರೂ ಕೇಳಬಹುದು. ತಿಳಿಯದಿದ್ದರೆ ಅವನು 'ನೋಡಿ ಹೇಳ್ತೆ' ಎನ್ನುತ್ತಾನೆ. ಹಾಗೆಂದ ಮೇಲೆ ಮುಂದಿನ ಇಳಿತದೊಳಗೆ, ಹತ್ತಿದ ನೀರು ಇಳಿದು ಮುಗಿಯುವ ಮುನ್ನ, ಅಲ್ಲೇ ನಿಂತು ಉತ್ತರ ಹೇಳಬೇಕು. ಹೇಳದಿದ್ದರೆ ಬಾಗಿಲು ಬೇರೆಯವನ ಪಾಲು, ಮತ್ತೆ ಅವನ ಮಾತನ್ನು ಯಾರೂ ಕೇಳುವುದಿಲ್ಲ.

ಕೃಷ್ಣಾನಂದ ಹಿಂದೆ ತೆಂಗಿನ ಮರಕ್ಕೆ ಒರಗಿ ನಿಂತಿದ್ದ. ಕವಿತಾ ಮಾತಾಡುತ್ತಿದ್ದಳು, ಜನ ತಲೆದೂಗುತ್ತಿದ್ದರು. ತಾನು ಹದಿನೈದು ಮಕ್ಕಳಿಗೆ ಪಾಠ ಮಾಡುವಾಗ ಹನ್ನೆರಡು ಮಂದಿ ಕಿಟಕಿಯ ಹೊರಗೆ ನೋಡುತ್ತಾರೆ ಎಂಬುದು ಅವನಿಗೆ ನೆನಪಾಯಿತು. ಆಗ ಮುಂದೆ ಕೂತಿದ್ದ ಮುದುಕಿ ಸುಕ್ರಿ ಎಲೆಯಡಿಕೆಯ ಕವಳ ಉಗಿದು ಬಂದು ಕೇಳಿದಳು.

"ಅಲ್ಲ ತಂಗೀ, ಆ ಕಾರ್ಖಾನೆಲೇ ಕರೆಂಟ್ ಹೋದ್ರೆ ಎಂತ ಮಾಡ್ತ್ರಿ? ನಮ್ಮನೆಲಿ ಹೋದ್ರೆ ಚಿಮಣಿ ಹಚ್ತೆ ನಾನು."

ಎಲ್ಲರೂ ನಕ್ಕರು. ಕವಿತಾ ನಗಲಿಲ್ಲ. ತಲೆಗಳ ಮೇಲಿಂದ ಗಂಡನತ್ತ ನೋಡಿದಳು. ಅವನು ನದಿಯಲ್ಲಿ ಹೋಗುತ್ತಿದ್ದ ದೋಣಿಯೊಂದನ್ನು ನೋಡತೊಡಗಿದ.

"ನೋಡಿ ಹೇಳ್ತೆ" ಎಂದಳು ಅವಳು.

ನಗು ನಿಂತಿತು. ಹಮ್ಮ ಮಗಳ ಮುಖವನ್ನೊಮ್ಮೆ, ನೀರನ್ನೊಮ್ಮೆ ನೋಡಿದ. ಆಗಲೇ ನೀರು ಹತ್ತುತ್ತಿತ್ತು. ಮರುದಿನ ಬೆಳಿಗ್ಗೆ ಇಳಿತ.

ಮನೆಗೆ ಬಂದ ಕೂಡಲೇ ಅವಳು ಮತ್ತೆ ಕೇಳಿದಳು. ಪುಸ್ತಕ ನೋಡಬೇಕು, ಕಾಲೇಜಿನಲ್ಲಿದೆ ಎಂದ. ಪುಸ್ತಕ ಕಪಾಟಿನಲ್ಲೇ ಇತ್ತು. ಅವಳು ಅದರತ್ತ ನೋಡಲಿಲ್ಲ, ಅಥವಾ ನೋಡಿದ್ದನ್ನು ಅವನಿಗೆ ತೋರಗೊಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯಿಂದ ಅವಳ ಫೋನಿನ ಮಾತು ಕೇಳಿಸಿತು. ಅತ್ತ ಕಡೆ ಕಂಪನಿಯ ಎಂಜಿನಿಯರ್ ಅನೂಪ. ಅವಳು ತಡವರಿಸುತ್ತ ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು, ತಿಳಿಯದಾಗ ಮತ್ತೆ ಕೇಳುತ್ತಿದ್ದಳು, ಒಮ್ಮೆ ಜೋರಾಗಿ ನಕ್ಕಳು. ತನ್ನ ಹತ್ತಿರ ಕಲಿಯುವಾಗ ಅವಳು ಹೀಗೆ ನಕ್ಕಿದ್ದೇ ಇಲ್ಲವೆಂದು ಕೃಷ್ಣಾನಂದನಿಗೆ ಅನ್ನಿಸಿತು. ಎದ್ದು ಹೋಗಿ, ಫೋನಿಡು, ನಾನು ಹೇಳುತ್ತೇನೆ ಎನ್ನಬಹುದಿತ್ತು. ಅವನು ಫ್ಯಾನಿನ ವೇಗ ಹೆಚ್ಚಿಸಿದ.

ಬೆಳಿಗ್ಗೆ ಅವಳು ಕರೆಯದಿದ್ದರೂ ಜೊತೆಗೆ ಹೊರಟ. ಅವಳು ತಡವರಿಸುವುದನ್ನು ನೋಡಲು ಹೋಗುತ್ತಿದ್ದೇನೆಯೇ ಎಂಬ ಪ್ರಶ್ನೆ ಸ್ಕೂಟರಿನ ಮೇಲೆ ಬಂತು.

ಕಟ್ಟಿನ ಮೇಲೆ ಕಾಲಿಡಲು ಜಾಗವಿರಲಿಲ್ಲ. ನೀರು ಇಳಿಯುತ್ತಿತ್ತು. ಕವಿತಾ ಬಾಗಿಲಿನ ಪಕ್ಕದಲ್ಲಿ ಹೋಗಿ ನಿಂತು, ಎತ್ತಿ ಕಟ್ಟಿದ್ದ ಹಲಗೆಯ ಹಗ್ಗ ಹಿಡಿದಳು.

"ಸುಕ್ರಜ್ಜಿ, ಈ ಹಗ್ಗ ಬಿಟ್ರೆ ಎಂತ ಆಗ್ತದೆ?"

"ಹಲಗೆ ಬೀಳ್ತದೆ. ಅದಕ್ಕೆ ನೀನೇ ಬೇಕಾ ಹೇಳೂಕೆ?"

"ಅಲ್ಲೂ ಅಷ್ಟೆ. ಅಣು ಒಡೆಯೂದನ್ನ ತಡಿಯೂ ಸರಳುಗಳನ್ನ ಕರೆಂಟೇ ಮೇಲೆ ಎತ್ತಿ ಹಿಡ್ಕಂಡಿರ್ತದೆ. ಅದು ಹೋದ್ರೆ ಹಿಡಿತ ತಪ್ತದೆ, ಸರಳು ತಾವೇ ಬೀಳ್ತವೆ. ಒಡೆಯೂದು ನಿಲ್ತದೆ. ಆದ್ರೆ ಒಳಗಿನ ಬಿಸಿ ಕೂಡಲೆ ಹೋಗೂದಿಲ್ಲ. ಅದಕ್ಕೆ ನೀರು ಬಿಡ್ತಾನೇ ಇರ್ಬೇಕು."

ಸುಕ್ರಿ ಹಲಗೆಯನ್ನು ನೋಡುತ್ತ ಯೋಚಿಸಿದಳು. "ಆ ನೀರು ಎಲ್ಲಿದು? ನಮ್ಮ ಹೊಳೆದಾ?"

"ಅದನ್ನೂ ನೋಡಿ ಹೇಳ್ತೆ."

ಈ ಸಲದ ನಗುವಿನಲ್ಲಿ ಕವಿತಾಳೂ ಸೇರಿದಳು. ಹಮ್ಮ ಮಾತ್ರ ನಗಲಿಲ್ಲ. ಜನರನ್ನು ಸರಿಸಿಕೊಂಡು ಬಂದು, ತಾನು ನಿಲ್ಲುವ ಕಲ್ಲಿನ ಮೇಲೆ ಮಗಳನ್ನು ನಿಲ್ಲಿಸಿದ.

ಸರಳನ್ನು ಹಲಗೆಗೆ ಹೋಲಿಸುವುದು ಕೃಷ್ಣಾನಂದನಿಗೆ ಎಂದೂ ಹೊಳೆದಿರಲಿಲ್ಲ. ಐದು ವರ್ಷದಿಂದ ಈ ಬಾಗಿಲನ್ನು ದಾಟಿ ಮಾವನ ಮನೆಗೆ ಬರುತ್ತಿದ್ದ. ಎದೆಯೊಳಗೆ ಏನೋ ಉರಿಯಿತು, ತಣಿಯಲಿಲ್ಲ.

ಸುಕ್ರಿ ಹೋಗುತ್ತ ಅವನೆದುರು ನಿಂತಳು. "ಮಾಸ್ತರೇ, ಹೆಂಡ್ತಿಗೆ ಚೆಂದ ಕಲಿಸೀರಿ."

ಅವನು ಕವಿತಾಳತ್ತ ನೋಡಿದ. ಅವಳಿಗೆ ಆ ಮಾತು ಕೇಳಿಸಿತ್ತು.

"ಹೌದು ಅಜ್ಜಿ, ಎಲ್ಲ ಇವರೇ ಕಲಿಸಿದ್ದು" ಎಂದಳು.

ಕೃಷ್ಣಾನಂದ ಹೌದೆಂಬಂತೆ ತಲೆಯಾಡಿಸಿದ. ಈ ಉತ್ತರವನ್ನು ತಾನು ಕಲಿಸಲಿಲ್ಲ, ಗೊತ್ತಿದ್ದೂ ಕಲಿಸಲಿಲ್ಲ ಎಂದು ಅವನು ಸುಕ್ರಿಗೆ ಹೇಳಲಿಲ್ಲ, ಕವಿತಾಳಿಗೂ ಎಂದೂ ಹೇಳಲಿಲ್ಲ.