ಹೊಸ ಮನೆಯ ಕಾವಲು

ಮನೆಯಿಲ್ಲದ ಮಾಜಿ ಸೈನಿಕರಿಗೆ ಮನೆ ಕೊಡಿಸುವ ಇಲಾಖೆಯಲ್ಲಿ ನನಗೆ ಕೆಲಸ. ಮನೆ ಕೊಡಿಸುವುದು ಸುಲಭ. ಅವರು ಅದರಲ್ಲಿ ಸುಖವಾಗಿದ್ದಾರೆಂದು ನಮ್ಮ ಸಾಹೇಬರನ್ನು ನಂಬಿಸುವುದು ಬ್ರಹ್ಮವಿದ್ಯೆ. ಫಲಾನುಭವಿ ವಾರದೊಳಗೆ ವಾಸಕ್ಕೆ ಬರದಿದ್ದರೆ ಮನೆ ವಾಪಸ್. ವಾಸಕ್ಕೆ ಸಾಹೇಬರು ಒಪ್ಪುವ ಸಾಕ್ಷಿ ಒಂದೇ, ಹಾಸಿಗೆ. ಅದು ಸುಕ್ಕಾಗಿರಬೇಕು.

ನಮ್ಮ ಹವಾಲ್ದಾರಣ್ಣ ಹಾಸಿಗೆಯ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ಸೇತುವೆಯ ಕೆಳಗೆ ವರ್ಷಗಟ್ಟಲೆ ಗೊರಕೆ ಹೊಡೆದ ಮನುಷ್ಯ, ಮನೆ ಸಿಕ್ಕ ದಿನದಿಂದ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದ್ದ. ಇಲಾಖೆಯೇನು ಕೈಕಟ್ಟಿ ಕೂರಲಿಲ್ಲ. ಹೂವಿನ ಪರದೆ ಕಳಿಸಿತು. ಆಪ್ತಸಲಹೆಗಾರರನ್ನು ಕಳಿಸಿತು, ಅವರು 'ನಾಲ್ಕು ಗೋಡೆಗಳ ಭಯ' ಎಂದು ಪತ್ತೆ ಹಚ್ಚಿ, ಗೋಡೆಗಳಿಗೆ ತಿಳಿನೀಲಿ ಬಳಿಸಿದರು. ಅಣ್ಣ ಬಣ್ಣ ಒಣಗುವುದನ್ನೂ ಹೊರಗಿನಿಂದಲೇ ನೋಡಿದ.

ಪರಿಶೀಲನೆಯ ಬೆಳಿಗ್ಗೆ ಸಾಹೇಬರಿಗಿಂತ ಮೊದಲೇ ಓಡಿದೆ. ನಿದ್ದೆಗೆಟ್ಟು ಅಣ್ಣನ ಕಣ್ಣು ಕೆಂಡವಾಗಿತ್ತು.

"ಅಣ್ಣಾ, ಕೈ ಮುಗೀತೀನಿ. ಇವತ್ತು ಒಳಗೆ ಮಲಗಿಲ್ಲ ಅಂದ್ರೆ ಮನೆ ಕೈಬಿಟ್ಟು ಹೋಗುತ್ತೆ. ಸೇತುವೆ ಕೆಳಗೆ ಬರ್ತಿದ್ದ ನಿದ್ದೆ ಇಲ್ಲಿ ಯಾಕೆ ಬರಲ್ಲ?"

"ಅಲ್ಲಿ ಕಾಯೋಕೆ ಏನಿತ್ತು ತಂಗಿ?" ಎಂದ. "ಈಗ ಮನೆ ಇದೆ. ಬದಲಿ ಆಳು ಬರದೆ ಕಾವಲು ಬಿಟ್ಟು ಏಳೋ ಹಾಗಿಲ್ಲ."

"ಬೀಗ ಇದೆಯಲ್ಲ?"

"ಬೀಗಕ್ಕೆ ಕಣ್ಣಿದೆಯಾ?"

'ಯಾಕೆ' ಎಂದು ಇಷ್ಟು ದಿನ ಯಾರೂ ಕೇಳಿರಲಿಲ್ಲ. ಬಣ್ಣ ಆರಿಸುವ ಗಡಿಬಿಡಿಯಲ್ಲಿ ಇಲಾಖೆಗೆ ಪುರುಸೊತ್ತು ಎಲ್ಲಿತ್ತು? ನನಗೆ ನಗು ಬರಬೇಕಿತ್ತು. ಬರಲಿಲ್ಲ. ಕೈಚೀಲ ಇಳಿಸಿ ಕುರ್ಚಿಯ ಪಕ್ಕ ಇಟ್ಟೆ.

"ಏಳಿ ಅಣ್ಣಾ. ಈಗಿಂದ ಕಾವಲು ನಂದು."

ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದ. "ಯಾರನ್ನೂ ಒಳಗೆ ಬಿಡಬಾರದು. ಎಷ್ಟೇ ದೊಡ್ಡವರಾಗಿರಲಿ."

"ಬಿಡಲ್ಲ."

ಅಣ್ಣ ಎದ್ದು ಕುರ್ಚಿ ಬಿಟ್ಟುಕೊಟ್ಟ. ಒಳಗೆ ಪ್ಲಾಸ್ಟಿಕ್ ಹರಿದ ಸದ್ದು ಕೇಳಿತು, ಅದರ ಬೆನ್ನಿಗೇ ಗೊರಕೆ.

ಸಾಹೇಬರು ಬಂದರು. "ಮಲಗಿದಾನಾ? ಭೇಷ್. ಪಕ್ಕಕ್ಕೆ ಸರೀರಿ, ಹಾಸಿಗೆ ನೋಡ್ಬೇಕು."

"ಒಳಗೆ ಬಿಡೋ ಹಾಗಿಲ್ಲ ಸರ್."

"ನಾನು ಯಾರು ಗೊತ್ತೇನ್ರಿ?"

"ಗೊತ್ತು ಸರ್. ಸ್ವಲ್ಪ ಮೆಲ್ಲಗೆ ಮಾತಾಡಿ. ವಾರದಿಂದ ನಿದ್ದೆ ಮಾಡಿಲ್ಲ ಅವರು."

ನನ್ನ ಕೆಲಸವೂ ಅಣ್ಣನ ಮನೆಯೂ ಒಟ್ಟಿಗೇ ಹೋದವು ಎಂದುಕೊಂಡೆ. ಸಾಹೇಬರು ನನ್ನನ್ನು ನುಂಗುವಂತೆ ನೋಡಿದರು. ಆಮೇಲೆ ಬಾಗಿಲಿಗೆ ಕಿವಿಯಿಟ್ಟು, ಬಹಳ ಹೊತ್ತು ಗೊರಕೆ ಕೇಳಿ, ಗೋಡೆಗೆ ಕಾಗದ ಒತ್ತಿಕೊಂಡು ಸಹಿ ಹಾಕಿದರು.

"ಇಲ್ಲಿ ಎಷ್ಟು ಹೊತ್ತು ಕೂತಿರ್ತೀರಿ?" ದನಿ ತಾನಾಗಿಯೇ ಇಳಿದಿತ್ತು.

"ಬದಲಿ ಬರೋವರೆಗೂ ಸರ್," ಎಂದೆ. "ಮಧ್ಯಾಹ್ನ ನೀವು ಬಿಡುವಾಗಿದೀರಾ?"